ಪುಣ್ಯದ ಜಮಾಖರ್ಚು

1514ರಲ್ಲಿ ಬ್ರಾಂಡೆನ್‌ಬರ್ಗ್ ರಾಜಮನೆತನದ ಆಲ್ಬ್ರೆಕ್ಟ್‌ಗೆ ಇಪ್ಪತ್ನಾಲ್ಕರ ಆಸುಪಾಸಿನ ವಯಸ್ಸು. ಅಷ್ಟರಲ್ಲೇ ಅವನು ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ. ಈಗ ಮೈನ್ಸ್‌ನ ಪೀಠವೂ ಬೇಕಾಗಿತ್ತು. ಚರ್ಚಿನ ಕಾನೂನಿನ ಪ್ರಕಾರ ಅವನಿಗೆ ವಯಸ್ಸು ಸಾಲದು, ಒಂದಕ್ಕಿಂತ ಹೆಚ್ಚು ಪೀಠಗಳನ್ನು ಒಬ್ಬನೇ ಹಿಡಿಯುವಂತೆಯೂ ಇರಲಿಲ್ಲ. ರೋಮ್ ವಿನಾಯಿತಿ ಕೊಟ್ಟಿತು, ಅದಕ್ಕೊಂದು ಬೆಲೆಯನ್ನೂ ಕಟ್ಟಿತು. ಆ ಹಣವನ್ನು ಆಲ್ಬ್ರೆಕ್ಟ್ ಆಗ್ಸ್‌ಬರ್ಗಿನ ಸಾಹುಕಾರ ಯಾಕೋಬ್ ಫುಗ್ಗರ್‌ನಿಂದ ಸಾಲವಾಗಿ ತಂದ. ತೀರಿಸುವ ದಾರಿಯೂ ಸಿದ್ಧವಿತ್ತು. ರೋಮಿನಲ್ಲಿ 1506ರಿಂದ ಹೊಸದಾಗಿ ಏಳುತ್ತಿದ್ದ ಸಂತ ಪೇತ್ರರ ಮಹಾದೇವಾಲಯಕ್ಕೆಂದು ಪೋಪ್ ಹತ್ತನೇ ಲಿಯೋ ಪಾಪವಿಮೋಚನಾ ಪತ್ರಗಳನ್ನು ಘೋಷಿಸಿದ್ದರು. ಆಲ್ಬ್ರೆಕ್ಟ್ ತನ್ನ ಸೀಮೆಯಲ್ಲಿ ಅವನ್ನು ಹಂಚಬೇಕು. ಬಂದದ್ದರಲ್ಲಿ ಅರ್ಧ ಕಟ್ಟಡಕ್ಕೆ, ಅರ್ಧ ಫುಗ್ಗರ್‌ನ ಸಾಲಕ್ಕೆ. ಹಣದ ಪೆಟ್ಟಿಗೆಯ ಜೊತೆ ಫುಗ್ಗರ್‌ನ ಗುಮಾಸ್ತರೂ ಊರೂರು ತಿರುಗಿದರು. ಮನುಷ್ಯನಿಗೆ ರಕ್ಷಣೆ ದೊರೆಯುವುದು ನಂಬಿಕೆಯಿಂದಲೋ ಸತ್ಕಾರ್ಯದಿಂದಲೋ ಎಂಬ ವಾದ ಕ್ರೈಸ್ತರಲ್ಲಿ ಆ ವೇಳೆಗೆ ಸಾವಿರ ವರ್ಷ ಹಳೆಯದು. ಅದು ಯುರೋಪನ್ನು ಎರಡಾಗಿ ಸೀಳುವಂತೆ ಸಿಡಿಯಲು ಮಾತ್ರ ಈ ಸಾಲದ ವ್ಯವಹಾರ ಬೇಕಾಯಿತು.

ಆ ಸೀಳನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ರೂಢಿಯಿದೆ: ಕಥೋಲಿಕರು ಸತ್ಕಾರ್ಯದಿಂದ ಸ್ವರ್ಗ ಸಿಗುತ್ತದೆ ಅಂದರು, ಪ್ರೊಟೆಸ್ಟೆಂಟರು ನಂಬಿಕೆ ಸಾಕು ಅಂದರು. ಈ ಸಾಲು ಕಂಠಪಾಠಕ್ಕೆ ಸುಲಭ, ದಾಖಲೆಗೆ ಮಾತ್ರ ತಾಳೆಯಾಗುವುದಿಲ್ಲ. ಬರೀ ಸ್ವಂತ ಪ್ರಯತ್ನದಿಂದ ರಕ್ಷಣೆ ಪಡೆಯಬಹುದೆಂಬ ಬೋಧನೆಯನ್ನು ಚರ್ಚು ಪೆಲೇಜಿಯಸ್‌ನ ಪ್ರಕರಣದಲ್ಲಿ, 418ರ ಕಾರ್ಥೇಜ್ ಸಭೆಯಲ್ಲೇ ತಳ್ಳಿಹಾಕಿತ್ತು. ನಂಬಿದವನು ಕೈಕಟ್ಟಿ ಕೂತರೂ ನಡೆಯುತ್ತದೆ ಎಂದು ಪ್ರೊಟೆಸ್ಟೆಂಟರ ಮೂಲಪುರುಷ ಲೂಥರ್ ಎಲ್ಲೂ ಹೇಳಲಿಲ್ಲ. ಹಾಗಾದರೆ ಜಗಳ ಯಾವುದರ ಮೇಲೆ? ಒಳ್ಳೆಯದನ್ನು ಮಾಡಬೇಕೋ ಬೇಡವೋ ಎಂಬುದರ ಮೇಲೆ ಅಲ್ಲ. ಮಾಡಿದ ಒಳ್ಳೆಯದನ್ನು ದೇವರ ಮುಂದೆ ಲೆಕ್ಕಕ್ಕೆ ಹಿಡಿಯಬಹುದೇ, ಆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಅದು ಚುಕ್ತಾ ಆಯಿತೆಂದು ಸಾಯುವವನಿಗೆ ಖಾತ್ರಿ ಹೇಗೆ ಎಂಬುದರ ಮೇಲೆ. 1517ರಿಂದ 1547ರವರೆಗಿನ ಮೂವತ್ತು ವರ್ಷಗಳ ಕಾಗದಪತ್ರಗಳು ತೋರಿಸುವುದು ಇದನ್ನೇ.

ಮೊದಲು ಆ ಪಾಪವಿಮೋಚನಾ ಪತ್ರಗಳೇ ಏನೆಂದು ನೋಡಬೇಕು. ಹಣ ಕೊಟ್ಟರೆ ಪಾಪ ಕ್ಷಮಿಸಲ್ಪಡುತ್ತದೆ ಎಂಬುದು ಚರ್ಚಿನ ಸಿದ್ಧಾಂತವಾಗಿರಲಿಲ್ಲ. ಪಾಪದ ದೋಷ ಪಶ್ಚಾತ್ತಾಪಪಟ್ಟು ಪಾದ್ರಿಯ ಮುಂದೆ ನಿವೇದಿಸಿಕೊಂಡಾಗ ಕಳೆಯುತ್ತದೆ. ಉಳಿಯುವುದು ಶಿಕ್ಷೆಯ ಬಾಕಿ. ಅದನ್ನು ಇಲ್ಲಿ ತಪಸ್ಸು, ದಾನ, ಯಾತ್ರೆಗಳಿಂದ ತೀರಿಸಬೇಕು. ಉಳಿದದ್ದನ್ನು ಸತ್ತ ಮೇಲೆ ಶುದ್ಧೀಕರಣದ ಬೆಂಕಿಯಲ್ಲಿ. ಕ್ರಿಸ್ತನೂ ಸಂತರೂ ಕೂಡಿಟ್ಟ ಪುಣ್ಯದ ಭಂಡಾರವೊಂದಿದೆ, ಅದರ ಬೀಗದ ಕೈ ಪೋಪರ ಬಳಿಯಿದೆ ಎಂದು 1343ರಲ್ಲಿ ಆರನೇ ಕ್ಲೆಮೆಂಟ್ ಸಾರಿದ್ದರು. 1476ರಲ್ಲಿ ನಾಲ್ಕನೇ ಸಿಕ್ಸ್‌ಟಸ್ ಅದರ ಪ್ರಯೋಜನವನ್ನು ಸತ್ತವರಿಗೂ ವಿಸ್ತರಿಸಿದರು. ಅಂದರೆ ಕಡ, ಬಾಕಿ, ಭಂಡಾರ, ವಜಾ ಎಂಬ ಪೂರಾ ಸಾಹುಕಾರಿ ಪರಿಭಾಷೆ ಲೂಥರನಿಗಿಂತ ಮುಂಚೆಯೇ ದೇವರ ಕೃಪೆಗೆ ಅಂಟಿಕೊಂಡಿತ್ತು. ಆಲ್ಬ್ರೆಕ್ಟ್ ತನ್ನ ಬೋಧಕರಿಗೆ ಕೊಟ್ಟ ಸೂಚನಾ ಪುಸ್ತಿಕೆಯಲ್ಲಿ ದರಪಟ್ಟಿಯೇ ಇದೆ. ಅರಸರಿಗೂ ಆರ್ಚ್‌ಬಿಷಪ್ಪರಿಗೂ 25 ರೈನ್ ಚಿನ್ನದ ಗುಲ್ಡನ್. ಅಂತಸ್ತು ಇಳಿದಂತೆ ದರವೂ ಇಳಿಯುತ್ತದೆ. ಕೈಯಲ್ಲಿ ಕಾಸಿಲ್ಲದವರು ಪ್ರಾರ್ಥನೆ, ಉಪವಾಸಗಳಿಂದ ತೀರಿಸಬಹುದು. ಬಡವರಿಗೂ ಬಾಗಿಲು ತೆರೆದಿರಲಿ ಎಂಬ ಕಾಳಜಿ ಈ ಪಟ್ಟಿಯಲ್ಲಿದೆ ಎಂಬುದನ್ನು ಮರೆಯಬಾರದು. ಆದರೆ ಎಲ್ಲರಿಗೂ ದಕ್ಕುವ ದರ ಗೊತ್ತುಮಾಡಬೇಕೆಂಬ ಕಾಳಜಿಯೂ ದರದ ಭಾಷೆಯಲ್ಲೇ ಮಾತಾಡುತ್ತದೆ.

ಈ ಪತ್ರಗಳ ಮಾರಾಟಕ್ಕೆ ಸ್ಯಾಕ್ಸನಿಯ ದೊರೆ ಫ್ರೆಡರಿಕ್ ತನ್ನ ಸೀಮೆಯಲ್ಲಿ ಅವಕಾಶ ಕೊಡಲಿಲ್ಲ. ಅದಕ್ಕೆ ಕಾರಣ ಧರ್ಮಸೂಕ್ಷ್ಮ ಅಲ್ಲ, ಪೈಪೋಟಿ. ವಿಟ್ಟೆನ್‌ಬರ್ಗಿನ ಅವನ ಅರಮನೆಯ ಚರ್ಚಿನಲ್ಲಿ ಸಂತರ ಮೂಳೆ, ಬಟ್ಟೆಯ ಚೂರು ಮುಂತಾದ ಪವಿತ್ರ ಅವಶೇಷಗಳ ದೊಡ್ಡ ಸಂಗ್ರಹವಿತ್ತು. 1520ರ ಹೊತ್ತಿಗೆ ಅವುಗಳ ಸಂಖ್ಯೆ 19,013. ಅವನ್ನೆಲ್ಲ ಭಕ್ತಿಯಿಂದ ದರ್ಶನ ಮಾಡಿ ಕಾಣಿಕೆ ಸಲ್ಲಿಸಿದವನಿಗೆ ಶುದ್ಧೀಕರಣದ ಅವಧಿಯಲ್ಲಿ 19 ಲಕ್ಷ ವರ್ಷಕ್ಕೂ ಹೆಚ್ಚಿನ ವಜಾ ಸಿಗುತ್ತದೆಂದು ಲೆಕ್ಕ ಹಾಕಲಾಗಿತ್ತು. ಆ ಊರಿನಲ್ಲೇ ಅಗಸ್ಟೀನ್ ಮಠದ ಸನ್ಯಾಸಿ ಮಾರ್ಟಿನ್ ಲೂಥರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿದ್ದ. 1505ರಲ್ಲಿ ಮಠ ಸೇರಿದವನು, ಉಪವಾಸ, ಜಾಗರಣೆ, ಪಾಪನಿವೇದನೆ ಯಾವುದರಲ್ಲೂ ಕೊರತೆ ಮಾಡದವನು. ಆದರೂ ಮಾಡಿದ್ದು ಸಾಕಾಯಿತೆಂಬ ಸಮಾಧಾನ ಅವನಿಗೆ ಸಿಗಲಿಲ್ಲ. ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯನ್ನು 1515-16ರಲ್ಲಿ ಪಾಠ ಹೇಳುತ್ತ ಅವನು ಕಂಡುಕೊಂಡದ್ದು ಇಷ್ಟು: ದೇವರ ನೀತಿ ಎಂದರೆ ದೇವರು ನಮ್ಮನ್ನು ತೂಗುವ ತಕ್ಕಡಿಯಲ್ಲ, ನಮಗೆ ಕೊಡುವ ಕೊಡುಗೆ, ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವುದೇ ನಂಬಿಕೆ. ಮಾರಾಟಗಾರ ಯೊಹಾನ್ ಟೆಟ್ಜೆಲ್ 1517ರಲ್ಲಿ ಗಡಿಯಾಚೆಯ ಯೂಟರ್‌ಬೋಗ್‌ಗೆ ಬಂದಾಗ ವಿಟ್ಟೆನ್‌ಬರ್ಗಿನ ಜನ ಅಲ್ಲಿಗೇ ಹೋಗಿ ಪತ್ರ ಕೊಂಡು ತಂದರು. ಲೂಥರ್ ಅಕ್ಟೋಬರ್ 31ರಂದು ಆಲ್ಬ್ರೆಕ್ಟ್‌ಗೆ ಕಾಗದ ಬರೆದು, ಜೊತೆಗೆ 95 ವಾದಸೂತ್ರಗಳನ್ನು ಕಳಿಸಿದ. ಆಲ್ಬ್ರೆಕ್ಟ್‌ನ ಸಾಲದ ಕಥೆ ಆಗ ಅವನಿಗೆ ಗೊತ್ತಿರಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಲೂಥರನನ್ನು ಆಗ್ಸ್‌ಬರ್ಗಿಗೆ ಕರೆಸಲಾಯಿತು. ವಿಚಾರಿಸಿದವರು ಪೋಪರ ಪ್ರತಿನಿಧಿ ಕಾರ್ಡಿನಲ್ ಕಜೆತಾನ್. ವಿಚಾರಣೆ ನಡೆದದ್ದು ಅವರು ಇಳಿದುಕೊಂಡಿದ್ದ ಫುಗ್ಗರ್‌ನ ಮನೆಯಲ್ಲಿ. ಲೂಥರ್ ತಂಗಿದ್ದು ಸಂತ ಅನ್ನಾ ಚರ್ಚಿನ ಪಕ್ಕದ ಕಾರ್ಮೆಲ್ ಮಠದಲ್ಲಿ. ಆ ಚರ್ಚಿನೊಳಗೇ ಫುಗ್ಗರ್ ಮನೆತನ ತನ್ನ ಸಮಾಧಿಗಾಗಿ ಒಂದು ಗರ್ಭಗೃಹ ಕಟ್ಟಿಸಿಕೊಂಡಿತ್ತು. ಕಜೆತಾನ್ ಸಾಮಾನ್ಯ ಅಧಿಕಾರಿಯಲ್ಲ, ಆ ಕಾಲದ ದೊಡ್ಡ ಧರ್ಮಪಂಡಿತರು. ಮೂರು ದಿನಗಳ ಭೇಟಿಯಲ್ಲಿ ಅವರು ಎತ್ತಿ ಹಿಡಿದ ತಪ್ಪುಗಳು ಎರಡೇ. ಒಂದು, ಪುಣ್ಯದ ಭಂಡಾರ ಎಂಬುದನ್ನು ಲೂಥರ್ ಒಪ್ಪುವುದಿಲ್ಲ. ಇನ್ನೊಂದು, ಸಂಸ್ಕಾರ ಪಡೆಯುವವನು ತನಗೆ ಕ್ಷಮೆ ಸಿಕ್ಕಿದೆಯೆಂದು ನಿಶ್ಚಯವಾಗಿ ನಂಬಬೇಕು ಎನ್ನುತ್ತಾನೆ. ಎರಡನೆಯದನ್ನು ಒಪ್ಪಿದರೆ ಬೇರೊಂದು ಚರ್ಚನ್ನೇ ಕಟ್ಟಿದಂತೆ ಎಂದು ಕಜೆತಾನ್ ಬರೆದಿಟ್ಟರು. ಸತ್ಕಾರ್ಯ ಬೇಡ ಎಂದ ಅಪರಾಧವನ್ನು ಅಂದು ಅವರು ಹೊರಿಸಲೇ ಇಲ್ಲ. ಲೂಥರನನ್ನು ಎಲ್ಲರಿಗಿಂತ ಮೊದಲು ಎದುರಿಗೆ ಕೂರಿಸಿಕೊಂಡು ವಿಚಾರಿಸಿದ ಸಮರ್ಥ ಪಂಡಿತನಿಗೆ ಕಂಡ ವ್ಯತ್ಯಾಸ ಭಂಡಾರ ಮತ್ತು ಖಾತ್ರಿ.

ಆಕ್ಷೇಪಣೆ ಬೇಗನೆ ಬಂತು, ಇಂದಿಗೂ ನಿಂತಿಲ್ಲ. ನಂಬಿಕೆಯೊಂದೇ ಸಾಕೆಂದರೆ ಕಷ್ಟಪಟ್ಟು ಒಳ್ಳೆಯದನ್ನು ಯಾರು ಮಾಡುತ್ತಾರೆ? ಈ ಆಕ್ಷೇಪಕ್ಕೆ ಲೂಥರ್ ತಾನೇ ಕಾರಣ ಒದಗಿಸಿದ. 1522ರ ತನ್ನ ಹೊಸ ಒಡಂಬಡಿಕೆಯ ಜರ್ಮನ್ ಅನುವಾದದಲ್ಲಿ, ನಂಬಿಕೆಯಿಂದ ನೀತಿವಂತನಾಗುವುದರ ಕುರಿತ ಪೌಲನ ವಾಕ್ಯಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದ. ಜರ್ಮನ್ ನುಡಿಯ ಜಾಯಮಾನಕ್ಕೆ ಅದು ಬೇಕೇ ಬೇಕು ಎಂದು 1530ರಲ್ಲಿ ಸಮರ್ಥಿಸಿಕೊಂಡ. ಮನುಷ್ಯ ನಂಬಿಕೆಯಿಂದ ಮಾತ್ರ ನೀತಿವಂತನಾಗುವುದಿಲ್ಲ ಎನ್ನುವ ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿದ. ಇಷ್ಟಾದರೂ 1520ರಲ್ಲೇ ಅವನು ಸತ್ಕಾರ್ಯಗಳ ಮೇಲೆ ಪ್ರತ್ಯೇಕ ಪುಸ್ತಕ ಬರೆದಿದ್ದ. ಅದೇ ವರ್ಷದ ಕ್ರೈಸ್ತನ ಸ್ವಾತಂತ್ರ್ಯದ ಕುರಿತ ಪುಸ್ತಕದಲ್ಲಿ ಅವನ ವಾದ ಸರಳ: ಹಣ್ಣು ಮರವನ್ನು ಒಳ್ಳೆಯದು ಮಾಡುವುದಿಲ್ಲ, ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬರುತ್ತದೆ. ದೇವರಿಗೆ ನಮ್ಮ ಸತ್ಕಾರ್ಯದ ಅಗತ್ಯವಿಲ್ಲ, ನೆರೆಯವನಿಗೆ ಇದೆ. ಸ್ವರ್ಗದ ಖಾತೆಗೆ ಜಮೆ ಮಾಡುವ ಚಿಂತೆ ತಪ್ಪಿದರೆ ಆ ಕೆಲಸ ನೇರವಾಗಿ ನೆರೆಮನೆಗೆ ತಲುಪುತ್ತದೆ.

ಮಾತು ಕೃತಿಗಿಳಿಯಿತೇ ಎಂಬುದಕ್ಕೆ ಸ್ಯಾಕ್ಸನಿಯ ಲೈಸ್ನಿಗ್ ಎಂಬ ಸಣ್ಣ ಪಟ್ಟಣದ 1523ರ ಕಟ್ಟಳೆ ಸಾಕ್ಷಿ. ಅಲ್ಲಿನ ಚರ್ಚಿನ ಉತ್ಪನ್ನ, ದತ್ತಿ, ಕಾಣಿಕೆ ಎಲ್ಲವನ್ನೂ ಒಂದೇ ಸಾರ್ವಜನಿಕ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ. ಬೀಗದ ಕೈಗಳಲ್ಲಿ ಒಂದು ಜಹಗೀರುದಾರರ ಬಳಿ, ಒಂದು ಪುರಸಭೆಯ ಬಳಿ, ಒಂದು ಪಟ್ಟಣದ ಸಾಮಾನ್ಯರ ಬಳಿ, ಒಂದು ಹಳ್ಳಿಯ ರೈತರ ಬಳಿ. ಹತ್ತು ಜನ ಮೇಲ್ವಿಚಾರಕರು ಪ್ರತಿ ಭಾನುವಾರ ಕೂಡಿ ಲೆಕ್ಕ ನೋಡಬೇಕು. ಅನಾಥರು, ಮುದುಕರು, ಕೆಲಸ ಮಾಡಲಾರದವರು, ಪಾದ್ರಿ, ಶಾಲಾಮಾಸ್ತರರು ಎಲ್ಲರ ಖರ್ಚು ಅದರಿಂದ. ಲೂಥರ್ ಇದಕ್ಕೆ ಮುನ್ನುಡಿ ಬರೆದು ಅಚ್ಚು ಹಾಕಿಸಿದ. ಕಾಗದದ ಮೇಲಿದ್ದಷ್ಟು ಸಲೀಸಾಗಿ ಅದು ನಡೆಯಲಿಲ್ಲ. ದತ್ತಿಗಳನ್ನು ಬಿಟ್ಟುಕೊಡಲು ಪುರಸಭೆ ತಕರಾರು ತೆಗೆಯಿತು. ಆದರೂ ಒಂದು ಬದಲಾವಣೆ ಗಮನಿಸತಕ್ಕದ್ದು. ಪೋಪರ ಬಳಿಯಿದ್ದ ಒಂದು ಬೀಗದ ಕೈಯ ಜಾಗಕ್ಕೆ ಇಲ್ಲಿ ನಾಲ್ಕು ಕೈಗಳು ಬಂದವು. ಲೆಕ್ಕದ ಪುಸ್ತಕ ಸ್ವರ್ಗದ ಬಾಗಿಲಿನಿಂದ ಊರಿನ ಮಧ್ಯಕ್ಕೆ ಇಳಿಯಿತು. ಇದು ಪ್ರೊಟೆಸ್ಟೆಂಟರಿಗೆ ಮಾತ್ರ ಸಲ್ಲುವ ಶ್ರೇಯಸ್ಸಲ್ಲ ಎಂಬುದನ್ನೂ ಹೇಳಬೇಕು. ಕಥೋಲಿಕ ನಗರವಾದ ಈಪ್ರ್ 1525ರಲ್ಲಿ ಇಂಥದೇ ವ್ಯವಸ್ಥೆ ತಂದಿತು, 1531ರಲ್ಲಿ ಪ್ಯಾರಿಸಿನ ಧರ್ಮಪಂಡಿತರು ಅದನ್ನು ಒಪ್ಪಿದರು. ಬಡವರ ವಿಷಯಕ್ಕೆ ಬಂದಾಗ ಎರಡೂ ಕಡೆಯವರು ಒಂದೇ ದಿಕ್ಕಿಗೆ ನಡೆಯುತ್ತಿದ್ದರು.

ಲೂಥರನ ಬಳಗದಲ್ಲೇ ಕೆಲವರು ಅತಿರೇಕಕ್ಕೆ ವಾಲಿದ್ದು ನಿಜ. ಕ್ರೈಸ್ತನಿಗೆ ಧರ್ಮಶಾಸ್ತ್ರದ ಬೋಧನೆಯೇ ಬೇಡ ಎಂದ ಯೊಹಾನ್ ಅಗ್ರಿಕೋಲನ ಮೇಲೆ 1530ರ ದಶಕದ ಕೊನೆಯಲ್ಲಿ ಲೂಥರನೇ ಹರಿಹಾಯ್ದ. ಲೂಥರ್ ತೀರಿಕೊಂಡ ಮೇಲೆ ಗೇಯೋರ್ಗ್ ಮಾಯೋರ್ ಸತ್ಕಾರ್ಯ ರಕ್ಷಣೆಗೆ ಅಗತ್ಯ ಅಂದ. ಅದಕ್ಕೆ ಉತ್ತರವಾಗಿ ನಿಕೋಲಾಸ್ ಫಾನ್ ಆಮ್ಸ್‌ಡೋರ್ಫ್ ಸತ್ಕಾರ್ಯ ರಕ್ಷಣೆಗೆ ಹಾನಿಕರ ಎಂದೇ ಬರೆದುಬಿಟ್ಟ. ಲೂಥರ್ ಪಂಥದವರು 1577ರಲ್ಲಿ ತಮ್ಮ ಒಡಂಬಡಿಕೆಯ ಸೂತ್ರ ರಚಿಸಿದಾಗ ಇಬ್ಬರ ಮಾತನ್ನೂ ತಳ್ಳಿಹಾಕಿದರು. ಬೋಧನೆಯ ಬಲವನ್ನು ಅದರ ಅತಿರೇಕಗಳಿಂದ ಅಳೆಯುವುದಾದರೆ, ಆ ಅತಿರೇಕವನ್ನು ಮನೆಯವರೇ ತಡೆದರೋ ಇಲ್ಲವೋ ಎಂಬುದನ್ನೂ ನೋಡಬೇಕು.

ಇನ್ನು ಕಥೋಲಿಕರ ಕಡೆಯ ಸಾಕ್ಷ್ಯ. ವೆನಿಸ್‌ನ ಗಣ್ಯ ಮನೆತನದ ಗಾಸ್ಪಾರೊ ಕಾಂತಾರಿನಿಗೆ ಸನ್ಯಾಸಿಗಳಾಗಿ ಮನೆ ಬಿಟ್ಟ ಗೆಳೆಯರಿದ್ದರು. ಅವರ ಕಠೋರ ವ್ರತಗಳನ್ನು ನೋಡಿ, ಇಷ್ಟು ಮಾಡಿದವರೇ ರಕ್ಷಣೆಯ ಬಗ್ಗೆ ಅಂಜುವಾಗ ಲೌಕಿಕ ಬದುಕಿನಲ್ಲಿರುವ ತನ್ನ ಗತಿಯೇನು ಎಂದು ಆತ ಕುಗ್ಗಿದ್ದ. 1511ರ ಈಸ್ಟರಿನ ಹಿಂದಿನ ದಿನ, ಶನಿವಾರ, ಪಾಪನಿವೇದನೆಗೆ ಹೋದಾಗ ಅವನಿಗೊಂದು ವಿಷಯ ಹೊಳೆಯಿತು: ತಾನು ಎಷ್ಟೇ ತಪಸ್ಸು ಮಾಡಿದರೂ ಹಳೆಯ ಬಾಕಿ ತೀರದು, ಕ್ರಿಸ್ತನ ಯಾತನೆಯೇ ಅದನ್ನು ತೀರಿಸಿದೆ, ತಾನು ಪ್ರೀತಿಯಿಂದ ಅದಕ್ಕೆ ಒರಗಿದರೆ ಸಾಕು. ಗೆಳೆಯನಿಗೆ ಬರೆದ ಆ ಕಾಗದಗಳು ಇಪ್ಪತ್ತನೇ ಶತಮಾನದ ನಡುವಿನಲ್ಲಿ ಇತಿಹಾಸಕಾರ ಹ್ಯೂಬರ್ಟ್ ಯೆಡಿನ್ ಮೂಲಕ ಬೆಳಕಿಗೆ ಬಂದವು. ಲೂಥರನ ಹೆಸರು ಲೋಕಕ್ಕೆ ತಿಳಿಯುವ ಆರು ವರ್ಷ ಮೊದಲೇ ಇಟಲಿಯ ಲೌಕಿಕನೊಬ್ಬ ಅದೇ ಕತ್ತಲಿಂದ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೊರಬಂದಿದ್ದ. ಆದರೆ ಅವನು ರೋಮನ್ನು ಬಿಡಲಿಲ್ಲ; ಮುಂದೆ ಕಾರ್ಡಿನಲ್ ಆದ.

1541ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎರಡೂ ಪಕ್ಷಗಳನ್ನು ಕೂಡಿಸಲು ದಾನ್ಯೂಬ್ ದಂಡೆಯ ರೇಗನ್ಸ್‌ಬರ್ಗಿನಲ್ಲಿ ಮಾತುಕತೆ ಏರ್ಪಡಿಸಿದಾಗ ಪೋಪರ ಪ್ರತಿನಿಧಿಯಾಗಿ ಬಂದವರು ಇದೇ ಕಾಂತಾರಿನಿ. ಮೇಜಿನ ಒಂದು ಬದಿಗೆ ಕಥೋಲಿಕರ ಪರವಾಗಿ ಎಕ್, ಪ್ಫ್ಲೂಗ್, ಗ್ರೋಪರ್. ಇನ್ನೊಂದು ಬದಿಗೆ ಪ್ರೊಟೆಸ್ಟೆಂಟರ ಪರವಾಗಿ ಮೆಲಾಂಕ್ಟನ್, ಬುಟ್ಸರ್, ಪಿಸ್ಟೋರಿಯಸ್. ಮಾತು ಶುರುವಾದದ್ದು ಏಪ್ರಿಲ್ 27ಕ್ಕೆ. ಮೇ 2ರಂದು, ಒಂದು ವಾರವೂ ತುಂಬುವ ಮೊದಲು, ಮನುಷ್ಯ ನೀತಿವಂತನಾಗುವುದು ಹೇಗೆಂಬ ಐದನೇ ಕಲಮಿನ ಮೇಲೆ ಒಪ್ಪಂದವಾಯಿತು. ಪಾಪಿ ನೀತಿವಂತನಾಗುವುದು ಜೀವಂತವಾದ, ಪ್ರೀತಿಯಲ್ಲಿ ಕೆಲಸ ಮಾಡುವ ನಂಬಿಕೆಯಿಂದ. ಅವನೊಳಗೆ ಹೊಸ ನೀತಿ ಹುಟ್ಟುತ್ತದೆ, ಆದರೆ ಅವನು ಒರಗಬೇಕಾದದ್ದು ಅದಕ್ಕಲ್ಲ, ಕ್ರಿಸ್ತನ ನೀತಿಗೆ. ಅಲ್ಲಿದ್ದ ಪ್ರೊಟೆಸ್ಟೆಂಟ್ ಧರ್ಮಪಂಡಿತ ಕಾಲ್ವಿನ್, ಎದುರಾಳಿಗಳು ಇಷ್ಟೆಲ್ಲ ಒಪ್ಪಿದ್ದಕ್ಕೆ ನೀವು ಬೆರಗಾಗುತ್ತೀರಿ ಎಂಬರ್ಥದಲ್ಲಿ ಗೆಳೆಯ ಫಾರೆಲ್‌ಗೆ ಕಾಗದ ಬರೆದ. ಇಪ್ಪತ್ನಾಲ್ಕು ವರ್ಷ ಯುರೋಪನ್ನು ಕದಡಿದ ಪ್ರಶ್ನೆಗೆ ಆರು ಜನ ಪಂಡಿತರು ಆರು ದಿನಗಳಲ್ಲಿ ಉತ್ತರ ಹೊಂದಿಸಿದ್ದರು. ಮಾತುಕತೆ ಮುರಿದದ್ದು ಮುಂದಿನ ಕಲಮುಗಳಲ್ಲಿ: ಚರ್ಚಿನ ಸಭೆಗಳು ತಪ್ಪು ಮಾಡಬಹುದೇ, ಬಲಿಪೂಜೆಯ ರೊಟ್ಟಿ ಕ್ರಿಸ್ತನ ಶರೀರವಾಗುವುದನ್ನು ಯಾವ ಪದದಿಂದ ಹೇಳಬೇಕು, ಪಾದ್ರಿಯ ಮುಂದೆ ಪಾಪಗಳನ್ನು ಒಂದೊಂದಾಗಿ ಎಣಿಸಬೇಕೇ. ಎಲ್ಲವೂ ಅಧಿಕಾರದ ಪ್ರಶ್ನೆಗಳೇ. ಬೀಗದ ಕೈ ಯಾರ ಬಳಿ ಎಂಬುದರ ಬೇರೆ ಬೇರೆ ರೂಪಗಳು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಐದನೇ ಕಲಮನ್ನು ಲೂಥರ್ ತೇಪೆ ಕೆಲಸ ಅಂದ. ರೋಮ್ ಕೂಡ ಒಪ್ಪಲಿಲ್ಲ. ಕಾಂತಾರಿನಿ ಮರುವರ್ಷ ಸಂಶಯದ ನೆರಳಿನಲ್ಲೇ ತೀರಿಕೊಂಡರು. ಇಬ್ಬರೂ ಬೇಡವೆಂದ ಮೇಲೆ ಅದು ಒಪ್ಪಂದ ಹೇಗಾಯಿತು? ಈ ಮಾತಿನಲ್ಲಿ ಹುರುಳಿದೆ. ಜಗಳವೆಲ್ಲ ಬರೀ ತಪ್ಪು ತಿಳಿವಳಿಕೆ ಎಂದರೆ ಅದೂ ಸುಳ್ಳೇ. 1547ರ ಜನವರಿ 13ರಂದು ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆ ಹೊರಡಿಸಿದ ನಿರ್ಣಯವನ್ನು ಓದಿದರೆ ಎಲ್ಲಿ ಕೂಡುತ್ತಾರೆ, ಎಲ್ಲಿ ಬೇರೆಯಾಗುತ್ತಾರೆ ಎರಡೂ ಸ್ಪಷ್ಟವಾಗುತ್ತವೆ. ಅದರ 33 ಬಹಿಷ್ಕಾರ ಸೂತ್ರಗಳಲ್ಲಿ ಮೊದಲನೆಯದೇ, ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕಾರ್ಯದಿಂದ ಮನುಷ್ಯ ನೀತಿವಂತನಾಗಬಲ್ಲ ಎನ್ನುವವರ ಮೇಲೆ. ನೀತಿವಂತನಾಗುವ ಮೊದಲಿನ ಯಾವುದೂ, ನಂಬಿಕೆಯಾಗಲಿ ಕಾರ್ಯವಾಗಲಿ, ಆ ಕೃಪೆಯನ್ನು ಗಳಿಸಿಕೊಡಲಾರದು ಎಂದೂ ಅದು ಹೇಳಿತು. ಲೂಥರ್ ಬದುಕಿದ್ದರೆ ಇವೆರಡಕ್ಕೂ ಸಹಿ ಹಾಕಬಹುದಿತ್ತು. ಮುಂದೆ ಮಾತ್ರ ಹಾಕುತ್ತಿರಲಿಲ್ಲ. ಕೃಪೆ ಪಡೆದವನ ಕಾರ್ಯಗಳು ನಿಜವಾಗಿಯೂ ಪುಣ್ಯ ಗಳಿಸುತ್ತವೆ, ಆ ಪುಣ್ಯವೂ ದೇವರದೇ ಕೊಡುಗೆ ಎಂದಿತು ಸಭೆ. ತನಗೆ ಕೃಪೆ ಸಿಕ್ಕಿದೆಯೆಂದು ಯಾರೂ ನಿಸ್ಸಂಶಯವಾಗಿ ತಿಳಿಯಲಾರರು ಎಂದೂ ಸೇರಿಸಿತು. ಇವು ಕಜೆತಾನ್ 1518ರಲ್ಲಿ ಗುರುತಿಸಿದ್ದ ಜಾಗಗಳೇ: ಲೆಕ್ಕ ಮತ್ತು ಖಾತ್ರಿ. ಖಾತ್ರಿ ಕೊಟ್ಟರೆ ಸೋಮಾರಿತನ, ಅಹಂಕಾರ ಬಂದೀತೆಂಬ ಭಯ ಟ್ರೆಂಟ್‌ನದು. ಕೊಡದಿದ್ದರೆ ಮನಸ್ಸು ಹತಾಶವಾದೀತೆಂಬ ಭಯ ಲೂಥರನದು. ಎರಡೂ ನಿಜವಾದ ಮನುಷ್ಯರಲ್ಲಿ ಕಂಡ ಭಯಗಳೇ. ಜಗಳ ಶುರುಮಾಡಿದ ದಂಧೆಯನ್ನು ಅದೇ ಸಭೆ 1562ರಲ್ಲಿ ನಿಲ್ಲಿಸಿತು. ಪತ್ರ ಹಂಚಿ ಹಣ ಎತ್ತುವವರ ಹುದ್ದೆಯನ್ನೇ ರದ್ದುಮಾಡಿತು.

ಈ ಇತಿಹಾಸದ ಒಂದು ಎಳೆ ನಮ್ಮ ಕರಾವಳಿಗೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಗಾಳಿಯಲ್ಲಿ ಬೆಳೆದವರು. ನಂಬಿಕೆಯಿಂದ ಮಾತ್ರ ಎಂಬುದು ಒಣ ಸೂತ್ರವಾಗಿ ಕೂತಿದೆ, ಅದು ಬದುಕಿನಲ್ಲಿ ಕಾಣಬೇಕು ಎಂದು 1675ರಲ್ಲಿ ಲೂಥರನ್ ಪಾದ್ರಿ ಸ್ಪೇನರ್ ಎಬ್ಬಿಸಿದ ಚಳವಳಿ ಅದು. ಅವರು ಇಲ್ಲಿ ಶಾಲೆ, ಅಚ್ಚುಕೂಟ, ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ ನಡೆಸಿದರು. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಅವರಿಂದಲೇ ಬಂದವು. ಅದೇ ಊರಿಗೆ 1878ರಲ್ಲಿ ಬಂದ ಜೆಸ್ವಿಟರು, ಟ್ರೆಂಟ್‌ನ ನಿರ್ಣಯವನ್ನು ಎತ್ತಿ ಹಿಡಿದ ಸಂಘದವರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಸತ್ಕಾರ್ಯದ ಬಗ್ಗೆ ಎದುರುಬದುರು ಸಿದ್ಧಾಂತವಿದ್ದವರು ಒಂದೇ ಊರಿನಲ್ಲಿ ಮಾಡಿದ ಕೆಲಸ ಒಂದೇ ಜಾತಿಯದು.

1999ರ ಅಕ್ಟೋಬರ್ 31ರಂದು ಲೂಥರನ್ ಜಾಗತಿಕ ಒಕ್ಕೂಟದ ಪರವಾಗಿ ಬಿಷಪ್ ಕ್ರಿಸ್ಟಿಯಾನ್ ಕ್ರೌಸೆ, ರೋಮಿನ ಪರವಾಗಿ ಕಾರ್ಡಿನಲ್ ಎಡ್ವರ್ಡ್ ಕ್ಯಾಸಿಡಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯ ನೀತಿವಂತನಾಗುವುದು ಕೃಪೆಯಿಂದ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ, ತನ್ನ ಯೋಗ್ಯತೆಯಿಂದಲ್ಲ. ಸತ್ಕಾರ್ಯ ಅದರ ಫಲ ಎಂದು ಇಬ್ಬರೂ ಒಪ್ಪಿದರು. ಈ ಘೋಷಣೆಯಲ್ಲಿರುವ ಬೋಧನೆಗೆ ಹದಿನಾರನೇ ಶತಮಾನದ ಬಹಿಷ್ಕಾರಗಳು ತಟ್ಟುವುದಿಲ್ಲ ಎಂದರು. ಮುಂದೆ 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಕಾಲ್ವಿನ್ ಪರಂಪರೆಯ ಸುಧಾರಿತ ಚರ್ಚುಗಳು ಇದಕ್ಕೆ ಸೇರಿಕೊಂಡವು. ಜಂಟಿ ಘೋಷಣೆಯನ್ನು ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟೆಂಟ್ ಪ್ರಾಧ್ಯಾಪಕರು ವಿರೋಧಿಸಿದ್ದರು. 2000ದ ಜುಬಿಲಿ ವರ್ಷಕ್ಕೆ ಪೋಪರು ಮತ್ತೆ ಪಾಪವಿಮೋಚನೆಯ ಸೌಲಭ್ಯ ಘೋಷಿಸಿದ್ದನ್ನೂ, ಹಣದ ಸೋಂಕಿಲ್ಲದಿದ್ದರೂ, ಅನೇಕರು ಎತ್ತಿ ತೋರಿಸಿದರು. ಭಂಡಾರದ ಮಾತು ಪೂರ್ತಿ ಮುಗಿದಿಲ್ಲ ಎಂಬುದು ನಿಜ. ನಂಬುವುದರ ಬಗ್ಗೆಯೇ ಜನರಿಗೆ ಆಸ್ಥೆ ಕಮ್ಮಿಯಾದಾಗ ಇಂಥ ರಾಜಿ ಅಗ್ಗ ಎನ್ನುವವರೂ ಇದ್ದಾರೆ. ಅವರಿಗೆ ಉತ್ತರ ರೇಗನ್ಸ್‌ಬರ್ಗಿನಲ್ಲಿದೆ: ಆಸ್ಥೆ ಕುದಿಯುತ್ತಿದ್ದ 1541ರಲ್ಲೂ ಈ ಒಂದು ಕಲಮು ಕೂಡಿಬಂದಿತ್ತು.

1999ರ ಆ ಸಹಿ ಬಿದ್ದದ್ದು ಆಗ್ಸ್‌ಬರ್ಗಿನ ಸಂತ ಅನ್ನಾ ಚರ್ಚಿನಲ್ಲಿ. ಲೂಥರ್ 1518ರಲ್ಲಿ ತಂಗಿದ್ದ ಮಠದ ಆ ಚರ್ಚು ಈಗ ಲೂಥರನ್ನರದು. 1525ರಲ್ಲಿ ತೀರಿಕೊಂಡ ಯಾಕೋಬ್ ಫುಗ್ಗರ್ ಅಲ್ಲೇ ತನ್ನ ಮನೆತನದ ಗರ್ಭಗೃಹದಲ್ಲಿ ಮಲಗಿದ್ದಾನೆ. ಈ ಫುಗ್ಗರ್ 1521ರ ದತ್ತಿಪತ್ರದ ಮೂಲಕ ಊರಿನ ಬಡ ಕಥೋಲಿಕರಿಗೆ ಸಾಲುಮನೆಗಳ ಒಂದು ಕೇರಿಯನ್ನೇ ಬಿಟ್ಟುಹೋಗಿದ್ದಾನೆ, ಹೆಸರು ಫುಗ್ಗರೈ. 1944ರ ಬಾಂಬ್ ದಾಳಿಯಲ್ಲಿ ಹಾಳಾದದ್ದನ್ನು ಮತ್ತೆ ಕಟ್ಟಿದರು. ಅಲ್ಲಿಯ ಬಾಡಿಗೆ ವರ್ಷಕ್ಕೆ ಒಂದು ರೈನ್ ಗುಲ್ಡನ್, ಇಂದಿನ ಲೆಕ್ಕದಲ್ಲಿ 88 ಸೆಂಟ್. ಅದರ ಜೊತೆ ದತ್ತಿ ಕೊಟ್ಟ ಮನೆತನದ ಆತ್ಮಗಳಿಗಾಗಿ ದಿನಕ್ಕೆ ಮೂರು ಪ್ರಾರ್ಥನೆ. ಪುಣ್ಯದ ಲೆಕ್ಕ ಇಟ್ಟುಕೊಂಡೇ ಕಟ್ಟಿಸಿದ ಮನೆಗಳು ಇವು. ಲೂಥರ್ ಆ ಲೆಕ್ಕವನ್ನು ಒಪ್ಪುತ್ತಿರಲಿಲ್ಲ, ಮನೆಗಳನ್ನು ಒಪ್ಪದೆ ಇರುತ್ತಿರಲಿಲ್ಲ. ಐನೂರು ವರ್ಷಗಳಾದವು. ಅಲ್ಲಿ ಈಗಲೂ ಬಡವರು ವಾಸವಿದ್ದಾರೆ, ಬಾಡಿಗೆ ಏರಿಲ್ಲ.